ಪ್ರಳಯ, ಬೆಳಿಗ್ಗೆ ಹತ್ತೂವರೆ ಆಟಕ್ಕೆ

ನಾನು ಕೆಲಸ ಮಾಡುತ್ತಿದ್ದ ಥಿಯೇಟರಿನಲ್ಲಿ ವಾರಕ್ಕೊಂದು ಸಲ ಪ್ರಪಂಚ ಮುಳುಗುತ್ತಿತ್ತು, ಇಲ್ಲವೇ ಉರಿಯುತ್ತಿತ್ತು, ಎರಡೂ ಇಲ್ಲದ ವಾರ ಗಡಗಡ ನಡುಗಿ ಬೀಳುತ್ತಿತ್ತು. ಅದೆಲ್ಲ ಪರದೆಯ ಮೇಲೆ ಆಗುವುದು, ಅದಕ್ಕೆ ನಾನು ಹೆದರಿದವನಲ್ಲ. ಪರದೆಯ ಈಚೆ ಕಡೆ ಆಗುತ್ತಿದ್ದುದೇ ಬೇರೆ, ಅದು ಮಾತ್ರ ಒಂದು ವಾರವೂ ತಪ್ಪಲಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಜಯನಗರ ಮುಗಿದು ಬನಶಂಕರಿ ಶುರುವಾಗುವ ಕಡೆ ನಮ್ಮ ಥಿಯೇಟರು. ನಾನು ಅಲ್ಲಿ ಅಸಿಸ್ಟೆಂಟ್ ಮ್ಯಾನೇಜರು. ಮ್ಯಾನೇಜರು ಅಂತ ಯಾರೂ ಇರಲಿಲ್ಲ. ಮಾಲೀಕರು ಮರದ ಡಿಪೋ ನಡೆಸಿ ಮೇಲೆ ಬಂದವರು, ಸಿನಿಮಾ ಎಂದರೆ ಪ್ರಾಣ ಬಿಡುವವರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ಅಮ್ಮಾವ್ರಿಗೆ ಸಿನಿಮಾ ಕಂಡರೆ ಆಗದು. ಆ ಕಟ್ಟಡವನ್ನು ಒಡೆದು ಸರಿಮಾಡಿ ಮದುವೆ ಛತ್ರ ಮಾಡಬೇಕು ಅನ್ನುವುದು ಅವರ ಹಠ.

"ನಡುವೆ ಒಂದು ಕಂಬ ಇಲ್ಲ, ಹಿಂದೆ ಅಡುಗೆಗೆ ಜಾಗ ಇದೆ, ಬಸ್ ಸ್ಟಾಪು ಎದುರಿಗೇ ಇದೆ. ಇದು ಛತ್ರ ಆಗೋಕೇ ಹುಟ್ಟಿದ ಜಾಗ ಕಣ್ರೀ. ನೀವು ತಪ್ಪಿ ಸಿನಿಮಾ ಹಾಕಿದೀರಿ" ಎಂದು ಗಂಡನಿಗೆ ಯುಗಾದಿಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಹಾಲಿನ ತುಂಬ ಜನ ಬಂದರೆ ಸಿನಿಮಾ, ಇಲ್ಲದಿದ್ದರೆ ಛತ್ರ. ನನಗೆ ಮಾತ್ರ ಧೈರ್ಯ ಹೇಳಿದ್ದರು: "ನೀನು ಯೋಚನೆ ಮಾಡ್ಬೇಡಪ್ಪಾ. ಛತ್ರ ಆದ್ಮೇಲೂ ನಿಂಗೆ ಕೆಲಸ ಇರುತ್ತೆ. ಊಟ ಆದ್ಮೇಲೆ ಎಲೆ ಎತ್ತೋಕೆ ಜನ ಬೇಕಲ್ಲ."

ನಾನು ಇಂಗ್ಲಿಷ್ ಮೇಜರ್ ತಗೊಂಡು ಬಿ.ಎ. ಮಾಡಿದವನು. ಮೂರನೇ ಸಲಕ್ಕೆ ಪಾಸಾಗಿದ್ದರೂ ಪಾಸು ಪಾಸೇ. ಎಲೆ ಎತ್ತುವ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಗ ಮಾಲೀಕರು ಒಂದು ಉಪಾಯ ಹುಡುಕಿದರು. ಬೆಳಿಗ್ಗೆ ಹತ್ತೂವರೆ ಆಟಕ್ಕೆ ಇಂಗ್ಲಿಷಿನ ಅನಾಹುತದ ಸಿನಿಮಾಗಳು. ಹಡಗು ಮುಳುಗುವುದು, ಊರು ಉರಿಯುವುದು, ಯಾರೋ ಒಬ್ಬ ಪ್ರಾಣ ಕೊಟ್ಟು ಮಿಕ್ಕವರನ್ನು ಉಳಿಸುವುದು. ಇಂಗ್ಲಿಷ್ ಬರದವರಿಗೆ ಅರ್ಥವಾಗಲಿ ಎಂದು ನಾನು ಆಪರೇಟರ ಕ್ಯಾಬಿನ್ನಿನಲ್ಲಿ ಕೂತು ಮೈಕಿನಲ್ಲಿ ಕನ್ನಡದಲ್ಲಿ ಕಥೆ ಹೇಳಬೇಕು. ಮಾಲೀಕರು ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಹಾಗೆ ಹೇಳುವವರನ್ನು ನೋಡಿದ್ದರಂತೆ. ನನ್ನ ಬಿ.ಎ. ಕೊನೆಗೂ ಉಪಯೋಗಕ್ಕೆ ಬಂದದ್ದು ಹೀಗೆ.

ಕ್ಯಾಪ್ಟನ್ನಿನ ಮಗಳು

ಮೊದಲನೇ ವಾರ ಬಂದದ್ದು ಹಡಗು ಮಗುಚಿಕೊಳ್ಳುವ ಸಿನಿಮಾ. ಹಡಗಿನ ಕ್ಯಾಪ್ಟನ್ನಿಗೆ ದೊಡ್ಡ ಗಡ್ಡ, ಬಾಯಲ್ಲಿ ಪೈಪು. ಪೈಪು ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನ ಇಂಗ್ಲಿಷು ನನಗೆ ಒಂದಕ್ಷರ ಹತ್ತಲಿಲ್ಲ. ಅವನು ಸಮುದ್ರ ನೋಡುತ್ತಾ ಮೂರು ನಿಮಿಷ ಮಾತಾಡಿದ. ನಾನು ಮೈಕಿನಲ್ಲಿ, "ಅಪಾಯ ಇದೆ ಅಂತಿದಾರೆ" ಎಂದೆ.

ಪರದೆ ಮುಂದಿನ ಬೆಂಚು, ಅಂದರೆ ಗಾಂಧಿ ಕ್ಲಾಸಿನಿಂದ ಕೂಗು ಬಂತು: "ಮೂರು ನಿಮಿಷ ಮಾತಾಡಿದ್ರಲ್ಲ ಗುರು, ಬರೀ ಇಷ್ಟೇನಾ? ಮಿಕ್ಕಿದ್ದು ಯಾರಿಗೆ ಎತ್ತಿಟ್ಕೊಂಡಿದೀಯಾ?"

ಇಡೀ ಹಾಲು ನಕ್ಕಿತು. ನನಗೆ ಮುಖ ಕೆಂಪಾಯಿತು. ಕ್ಯಾಪ್ಟನ್ ಮತ್ತೆ ಬಾಯಿ ತೆಗೆದಾಗ ನಾನು ಧಾರಾಳವಾಗಿ ಶುರು ಮಾಡಿದೆ. "ಇದು ನನ್ನ ಕೊನೇ ಪ್ರಯಾಣ. ಊರಲ್ಲಿ ಮಗಳ ಮದುವೆ ನಿಶ್ಚಯ ಆಗಿದೆ. ಬೀಗರು ಬಲು ಬಿಗಿ ಜನ. ಮುಹೂರ್ತಕ್ಕೆ ಅಪ್ಪ ಬರ್ಲಿಲ್ಲ ಅಂದ್ರೆ ಮದುವೆ ಮುರಿದುಹಾಕ್ತಾರೆ." ಹಾಲಿನಲ್ಲಿ ಪಿಸುಮಾತೂ ನಿಂತಿತು. ಕೊನೆಗೆ ಕ್ಯಾಪ್ಟನ್ ಎಲ್ಲರನ್ನೂ ದೋಣಿಗೆ ಹತ್ತಿಸಿ ತಾನು ಹಡಗಿನ ಜೊತೆ ಮುಳುಗುವಾಗ ಗಾಂಧಿ ಕ್ಲಾಸಿನವರೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಬಹಳ ಹೆಮ್ಮೆಯಾಯಿತು.

ಆಟ ಬಿಟ್ಟ ಮೇಲೆ ಪಂಚೆ ಉಟ್ಟು ಕೊಡೆ ಹಿಡಿದ ಯಜಮಾನರೊಬ್ಬರು ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಕಣ್ಣಿನ್ನೂ ಒದ್ದೆ.

"ಸಾರ್, ಆ ಹುಡುಗಿ ಮದುವೆ ಏನಾಯ್ತು?"

"ಅದನ್ನ ತೋರಿಸಿಲ್ಲ ಯಜಮಾನ್ರೇ."

"ಮುರಿದೇಹೋಗಿರುತ್ತೆ ಬಿಡಿ. ಆ ಬೀಗರನ್ನ ನೋಡಿದ್ರೇ ಗೊತ್ತಾಗ್ತಿತ್ತು" ಎಂದರು. ಬೀಗರು ಸಿನಿಮಾದಲ್ಲಿ ಇರಲೇ ಇಲ್ಲ. ಆಮೇಲೆ ಜೇಬಿನಿಂದ ಅರಿಶಿನ ಹಚ್ಚಿದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟರು. "ನಮ್ಮ ತಂಗಿ ಮಗನ ಜಾತಕ. ಫ್ಯಾಕ್ಟರಿಲಿ ಪರ್ಮನೆಂಟು. ವರದಕ್ಷಿಣೆ ಬೇಡ, ತಂದೆ ಇಲ್ಲದ ಮಗು. ಆದ್ರೆ ಹುಡುಗಿ ನಕ್ಷತ್ರ ಒಂದು ತಿಳಿಸಿಬಿಡಿ ಸಾರ್."

ವಾಸನೆ

ಮುಂದಿನ ವಾರ ನಲವತ್ತು ಅಂತಸ್ತಿನ ಕಟ್ಟಡ ಹತ್ತಿ ಉರಿಯುವ ಸಿನಿಮಾ. ನಮ್ಮ ಕ್ಯಾಂಟೀನು ಬಾಲ್ಕನಿಯ ಕೆಳಗೇ ಇತ್ತು. ಅಲ್ಲಿ ಇಂಟರ್ವಲ್ಲಿಗೆಂದು ವಡೆ ಕರಿಯುತ್ತಿದ್ದ ಭಟ್ಟರು ಸಿನಿಮಾದ ಬೆಂಕಿ ನೋಡುವ ಆಸೆಗೆ ಬಾಗಿಲಿನ ಪರದೆ ಸರಿಸಿಕೊಂಡು ಒಳಗೆ ನಿಂತುಬಿಟ್ಟರು. ಇತ್ತ ಬಾಣಲೆಯ ಎಣ್ಣೆ ಹೊತ್ತಿಕೊಂಡಿತು.

ಹೊಗೆ ಮೆಲ್ಲಗೆ ಹಾಲಿನೊಳಗೆ ಬಂತು. ಪರದೆಯ ಮೇಲೆ ಇಪ್ಪತ್ತನೇ ಅಂತಸ್ತು ಉರಿಯುತ್ತಿತ್ತು. "ಮಗಾ, ವಾಸನೇನೂ ಬರ್ತಿದೆ ಕಣೋ! ಸಖತ್!" ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಕ್ಯಾಬಿನ್ನಿನಲ್ಲಿ ಕೂತಿದ್ದ ನನಗೂ ಮಾಲೀಕರು ಹೇಳದೆ ಏನೋ ಹೊಸ ಏರ್ಪಾಡು ಮಾಡಿದ್ದಾರೆ ಅನ್ನಿಸಿತು.

ಆಗ ಗೇಟ್‌ಕೀಪರು ಒಳಗೆ ಓಡಿಬಂದು, "ಬೆಂಕಿ! ಬೆಂಕಿ! ಎಲ್ಲಾ ಆಚೆ ಬನ್ನಿ!" ಎಂದು ಬಡಿದುಕೊಂಡ.

"ಕೂತ್ಕೊಳಯ್ಯಾ, ನಮಗೂ ಕಾಣಿಸ್ತಿದೆ!" ಎಂದರು ಹಿಂದಿನ ಸಾಲಿನವರು.

"ಅಯ್ಯೋ, ನಿಜವಾದ ಬೆಂಕಿ ಕಣ್ರಣ್ಣಾ!"

"ಹಾಗೇ ಕಾಣಿಸುತ್ತೆ, ಅದಕ್ಕೇ ತಾನೇ ಟಿಕೆಟ್ ತಗೊಂಡಿರೋದು. ತಲೆ ಬಗ್ಗಿಸು."

ಒಬ್ಬನೇ ಒಬ್ಬ ಏಳಲಿಲ್ಲ. ಕೊನೆಗೆ ಗೇಟ್‌ಕೀಪರು, ಭಟ್ಟರು, ಮಾಲೀಕರು ಮೂವರೇ ಒದ್ದೆ ಗೋಣಿಚೀಲ ಹಾಕಿ ಬಾಣಲೆ ಆರಿಸಿದರು. ಮಾಲೀಕರ ಒಂದು ಕಡೆ ಮೀಸೆ ಸುಟ್ಟಿತ್ತು. ಆಟ ಬಿಟ್ಟಾಗ ಅವರು ಆ ಮೀಸೆಯಲ್ಲೇ ಬಾಗಿಲಲ್ಲಿ ನಿಂತು ಎಲ್ಲರನ್ನೂ ಹೇಗಿತ್ತು, ಹೇಗಿತ್ತು ಎಂದು ಕೇಳಿದರು. ಜಯನಗರದ ಕನ್ನಡಕದ ಒಬ್ಬರು ನಿಂತು ಯೋಚಿಸಿ ಹೇಳಿದರು: "ಎಲ್ಲಾ ಫಸ್ಟ್ ಕ್ಲಾಸಾಗಿತ್ತು. ಒಂದೇ ಕೊರತೆ. ಹೊಗೆ ವಡೆ ವಾಸನೆ ಹೊಡೀತಿತ್ತು. ಅಮೆರಿಕದಲ್ಲಿ ವಡೆ ಎಲ್ಲಿಂದ ಬರುತ್ತೆ ಸಾರ್? ಅದೊಂದು ಸರಿಮಾಡಿಸಿ."

ಮೇಸ್ತ್ರಿ ಕೊಟ್ಟ ಸಲಹೆ

ವಾಸನೆಗೆ ಬಿದ್ದ ಚಪ್ಪಾಳೆ ಮಾಲೀಕರ ತಲೆಗೆ ಏರಿತು. ಭೂಕಂಪದ ಸಿನಿಮಾ ಬಂದಾಗ, "ಸೀಟು ಅಲ್ಲಾಡಬೇಕು" ಎಂದು ಹಟ ಹಿಡಿದರು. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ನಾಲ್ಕು ಖಾಲಿ ಟಾರ್ ಡ್ರಮ್ಮುಗಳನ್ನು ತಾರಸಿಗೆ ಏರಿಸಿದರು. ಪರದೆಯ ಮೇಲೆ ಭೂಮಿ ನಡುಗುವ ಹೊತ್ತಿಗೆ ನಾನು ಕ್ಯಾಬಿನ್ನಿನಿಂದ ಬೆಲ್ ಒತ್ತುವುದು, ಮೇಲೆ ಗೇಟ್‌ಕೀಪರು ಮತ್ತು ಭಟ್ಟರು ಡ್ರಮ್ಮು ಉರುಳಿಸುವುದು.

ಬೆಲ್ ಒತ್ತಿದೆ. ತಾರಸಿಯಲ್ಲಿ ಗುಡುಗು ಎದ್ದಿತು. ಜನ ಕುರ್ಚಿ ಹಿಡಿದುಕೊಂಡು ಕಿರುಚಿದರು, ಆಮೇಲೆ ಖುಷಿಯಿಂದ ಶಿಳ್ಳೆ ಹೊಡೆದರು. ಮಾಲೀಕರು ಮಕ್ಕಳಂತೆ ಕುಣಿದರು. ಎರಡನೇ ಸಲ ಬೆಲ್ ಒತ್ತಿದಾಗ ಎಡಗಡೆಯ ಗೋಡೆಯಿಂದ ಮೊರದಗಲದ ಗಾರೆ ಕಳಚಿ ಗಾಂಧಿ ಕ್ಲಾಸಿನವರ ಪಕ್ಕಕ್ಕೆ ಬಿತ್ತು. ಯಾರಿಗೂ ತಾಗಲಿಲ್ಲ, ಪುಣ್ಯ. ತಲೆಯೆಲ್ಲ ಸುಣ್ಣವಾದವರು ಎದ್ದು ನಿಂತು ಇನ್ನೊಂದು ಸಲ, ಇನ್ನೊಂದು ಸಲ ಎಂದರು. ಮೂರನೇ ಸಲಕ್ಕೆ ಒಂದು ಡ್ರಮ್ಮು ತಾರಸಿ ದಾಟಿ ಮೆಟ್ಟಿಲಿಗೆ ಹಾರಿ, ಒಂದೊಂದೇ ಮೆಟ್ಟಿಲು ಇಳಿದು, ಅಂಗಳಕ್ಕೆ ಬಂತು.

ಅಂಗಳದಲ್ಲಿ ಅಮ್ಮಾವ್ರು ನಿಂತಿದ್ದರು. ಛತ್ರಕ್ಕೆ ಕಟ್ಟಡ ತೋರಿಸೋಣವೆಂದು ಅವತ್ತೇ ಕಟ್ಟಡದ ಮೇಸ್ತ್ರಿಯನ್ನು ಕರೆತಂದಿದ್ದರು. ಡ್ರಮ್ಮು ಅವರಿಬ್ಬರ ನಡುವೆ ಮರ್ಯಾದೆಯಿಂದ ಹಾದು ಗೇಟಿನ ಹತ್ತಿರ ನಿಂತಿತು. ಮೇಸ್ತ್ರಿ ಒಳಗೆ ಹೋಗಿ, ಬಿದ್ದ ಗಾರೆ ನೋಡಿ, ಬಿರುಕು ಬಿಟ್ಟ ಗೋಡೆಗೆ ಕಿವಿ ಕೊಟ್ಟು ಬೆರಳಲ್ಲಿ ತಟ್ಟಿ, ಹೊರಗೆ ಬಂದ.

"ಒಡೆಯೋಕೆ ಎಷ್ಟು ಜನ ಆಳು ಬೇಕಾಗುತ್ತಪ್ಪಾ?" ಎಂದರು ಅಮ್ಮಾವ್ರು.

"ಆಳು ಯಾಕಮ್ಮಾ ದಂಡ? ಇನ್ನೊಂದು ವಾರ ಇದೇ ಸಿನಿಮಾ ಓಡ್ಸಿ."

ದೋಣಿಯಲ್ಲಿ ಒಂದು ಜಾಗ

ಡ್ರಮ್ಮುಗಳನ್ನು ಅಮ್ಮಾವ್ರೇ ನಿಂತು ಗುಜರಿಗೆ ಹಾಕಿಸಿದರು. ಮುಂದಿನ ಸಿನಿಮಾ ಗುಡುಗು ಗದ್ದಲ ಇಲ್ಲದ್ದು. ಸಮುದ್ರದ ನಡುವೆ ಒಂದು ದೋಣಿ, ಎಂಟು ಜನ ಇದ್ದಾರೆ, ಏಳು ಜನಕ್ಕಷ್ಟೇ ನೀರಿದೆ. ಒಬ್ಬರು ಇಳಿಯಬೇಕು. ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಶಿಳ್ಳೆ. ಆಮೇಲೆ ಗಾಂಧಿ ಕ್ಲಾಸಿನಿಂದ ಒಂದು ದನಿ: "ಮುದುಕ ಇಳೀಲಿ ಬಿಡ್ರೀ. ಅವನು ನೋಡಬೇಕಾದ್ದೆಲ್ಲ ನೋಡಾಯ್ತು."

ಬಾಲ್ಕನಿಯಿಂದ ತಕ್ಷಣ ಉತ್ತರ ಬಂತು: "ಯಾರ್ರೀ ಅದು? ನಾನು ರಿಟೈರ್ಡು. ನಾವೇನು ಬಿಟ್ಟಿ ಬಿದ್ದಿದೀವಾ? ನಿಮ್ಮ ಮನೇಲಿ ದೊಡ್ಡೋರಿಲ್ವಾ?"

"ಹಾಗಾದ್ರೆ ಆ ಸೂಟಿನೋನು ಇಳೀಲಿ. ಎರಡು ಸಲ ಕದ್ದು ನೀರು ಕುಡಿದ, ನಾನು ನೋಡ್ದೆ."

"ಅವನಿಗೆ ಹೆಂಡ್ತಿ ಇದಾಳಲ್ಲ?"

"ಅವಳೂ ಕುಡಿದ್ಲು ಕಣಕ್ಕ, ನೀವು ನೋಡ್ಲಿಲ್ಲ."

ಅರ್ಧ ಗಂಟೆ ಇದೇ ನಡೆಯಿತು. ಗೇಟ್‌ಕೀಪರು ಟಾರ್ಚು ಹಿಡಿದು ನಡುವೆ ನಿಂತು, ಮಾತಾಡುವವರ ಮುಖಕ್ಕೆ ಬೆಳಕು ಬಿಡುತ್ತಾ ಅಧ್ಯಕ್ಷತೆ ವಹಿಸಿದ. ಹೆಂಗಸರು ಒಂದು ಕಡೆ, ರಿಟೈರ್ಡು ಒಂದು ಕಡೆ, ಕಾಲೇಜಿನವರು ಎಲ್ಲಾ ಕಡೆ. ಕಡೆಗೆ ಕೈ ಎತ್ತಿಸಿ, ಎಣಿಸಿ, ಸೂಟಿನವನು ಇಳಿಯತಕ್ಕದ್ದು ಎಂದು ಒಮ್ಮತದಿಂದ ತೀರ್ಮಾನವಾಯಿತು. ಬಾಲ್ಕನಿಯವರೂ ಗಾಂಧಿ ಕ್ಲಾಸಿನವರೂ ಯಾವ ವಿಷಯಕ್ಕೂ ಹಾಗೆ ಒಪ್ಪಿಕೊಂಡದ್ದನ್ನು ನಾನು ಬೇರೆ ಕಂಡಿಲ್ಲ.

ಕರೆಂಟು ಬಂತು. ಪರದೆ ಬೆಳಗಿತು. ಯಾರ ಮಾತೂ ಕೇಳದೆ ಹೀರೋ ಎದ್ದು ನಿಂತು ಶಿಲುಬೆ ಮುಟ್ಟಿಕೊಂಡು ಸಮುದ್ರಕ್ಕೆ ಹಾರಿದ. ಆಮೇಲೆ ಬಾಲ್ಕನಿಯ ಆ ರಿಟೈರ್ಡು ಹಲ್ಲು ಕಡಿಯುತ್ತಾ ಹೇಳಿದ್ದು ನನ್ನ ಕ್ಯಾಬಿನ್ನಿಗೂ ಕೇಳಿಸಿತು: "ನೋಡಿದ್ರಾ? ಮೀಟಿಂಗು ನಡೆಯುವಾಗ ಇರಲ್ಲ, ಆಮೇಲೆ ಬಂದು ತನ್ನಿಷ್ಟ ಮಾಡ್ತಾನೆ."

ಹಿತ್ತಲ ಗುಂಡಿ

ಬಾಂಬು ಬಿದ್ದು ದೇಶವೆಲ್ಲ ಬೂದಿಯಾದ ಮೇಲೆ ಮನೆಯ ಹಿತ್ತಲಲ್ಲಿ ಗುಂಡಿ ತೋಡಿಕೊಂಡಿದ್ದ ಒಂದೇ ಕುಟುಂಬ ಬದುಕುಳಿಯುವ ಸಿನಿಮಾ ಒಂದು ಬಂತು. ಅದನ್ನು ಜೆ.ಪಿ. ನಗರದ ಒಬ್ಬ ಗುಮಾಸ್ತರು ವಾರದಲ್ಲಿ ನಾಲ್ಕು ಸಲ ನೋಡಿದರು. ಪ್ರತಿ ಸಲವೂ ನನ್ನ ಬಳಿ ಬಂದು, "ಗುಂಡಿ ಎಷ್ಟಡಿ ಅಂತ ಇಂಗ್ಲಿಷಲ್ಲಿ ಹೇಳಿದ್ರು ಸಾರ್?" ಎಂದು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಒಂದು ದಿನ ಹದಿನೈದು ಎಂದೆ, ಇನ್ನೊಂದು ದಿನ ಇಪ್ಪತ್ತು ಎಂದೆ. ಅವರು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಅವರು ಕಾಣಿಸಲಿಲ್ಲ. ತಿಂಗಳು ಕಳೆದ ಮೇಲೆ ಅವರ ಹೆಂಡತಿ ಥಿಯೇಟರಿಗೆ ಬಂದರು. ನನ್ನನ್ನು ಹುಡುಕಿಕೊಂಡೇ ಬಂದಿದ್ದರು. ಅವರು ಬೈದರೆ ಮಾಲೀಕರಿಗೆ ಗೊತ್ತಾಗುತ್ತದೆ, ಮಾಲೀಕರಿಂದ ಅಮ್ಮಾವ್ರಿಗೆ, ಅಲ್ಲಿಗೆ ನನ್ನ ಕೆಲಸ ಎಲೆಯ ಪಾಲು.

"ನಮ್ಮನೆಯವರಿಗೆ ಇಪ್ಪತ್ತಡಿ ಅಂತ ಹೇಳಿದ್ದು ನೀವೇನಾ?"

"ಮೇಡಂ, ಅದು ಸಿನಿಮಾದಲ್ಲಿ..."

"ಭಾನುವಾರ ಭಾನುವಾರ ತೋಡಿದ್ರು. ಆಫೀಸಿಂದ ಬಂದ್ಮೇಲೂ ತೋಡಿದ್ರು. ಪ್ರಪಂಚ ಉಳಿಯಲ್ಲ ಕಣೇ ಅಂತ ಅಂದ್ಕೊಂಡೇ ತೋಡಿದ್ರು. ಹದಿನೆಂಟಡಿಗೆ ನೀರು ಬಂತು."

ಅವರ ಲೇಔಟಿನಲ್ಲಿ ಆಗ ಎರಡು ದಿನಕ್ಕೊಮ್ಮೆ ನಲ್ಲಿ ಬರುತ್ತಿತ್ತು.

"ಸಿಹಿ ನೀರು ಸಾರ್, ಕಲ್ಲುಸಕ್ಕರೆ ಹಾಗಿದೆ. ಮನೆ ಕಟ್ಟಿದಾಗಿಂದ ಒಂದು ಬಾವಿ ತೋಡಿಸಿ ಅಂತ ಬಡ್ಕೊಂಡ್ರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ ಇವರು" ಎಂದು ಒಂದು ಡಬ್ಬಿ ಚಕ್ಕುಲಿ ನನ್ನ ಕೈಗಿಟ್ಟು, ದನಿ ತಗ್ಗಿಸಿದರು. "ಮುಂದಿನ ವಾರ ಅಟ್ಟ ಕಟ್ಟೋ ಸಿನಿಮಾ ಏನಾದ್ರೂ ಬರುತ್ತಾ?"

ಮುಚ್ಚಳ

ಇಷ್ಟೆಲ್ಲ ಆದರೂ ಹಾಲು ಪೂರ್ತಿ ತುಂಬಲಿಲ್ಲ. ಯುಗಾದಿಗೆ ಹತ್ತೇ ದಿನ ಉಳಿದಿತ್ತು. ಶುಕ್ರವಾರ ಕೊನೆಯ ಸಿನಿಮಾ ಹಾಕಿದೆವು. ಪ್ರಪಂಚ ಸುಟ್ಟುಹೋಗಿದೆ, ಹೊರಗೆಲ್ಲ ವಿಷಗಾಳಿ. ನೆಲಮಾಳಿಗೆಯೊಂದರಲ್ಲಿ ಏಳು ಜನ ಉಳಿದಿದ್ದಾರೆ. ಅದರಲ್ಲಿ ಹೀರೋ, ಅವನ ಹೆಂಡತಿ, ಜ್ವರ ಬಂದ ಒಂದು ಮಗು.

ಆ ಸಿನಿಮಾಕ್ಕೆ ಒಂದೇ ಪ್ರಿಂಟು. ಮಡಿವಾಳದ ಕಡೆಯ ಇನ್ನೊಂದು ಥಿಯೇಟರಿಗೂ ನಮಗೂ ಸೇರಿ ಅದೇ ಗತಿ. ಅವರು ಒಂಬತ್ತಕ್ಕೇ ಶುರು ಮಾಡುತ್ತಿದ್ದರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ಒಂದೊಂದು ತಗಡಿನ ಡಬ್ಬಿಯಲ್ಲಿ ಹಾಕಿ, ಮೊದಲು ಮೂರು, ಆಮೇಲೆ ಎರಡೆರಡಾಗಿ ನಮ್ಮ ಸೈಕಲ್ಲಿನ ತಾತ ತರುತ್ತಿದ್ದರು. ಒಟ್ಟು ಏಳು ರೀಲು. ಹಳೇ ಪ್ರಿಂಟಾದ್ದರಿಂದ ರೀಲಿನ ತಲೆಯಲ್ಲಿದ್ದ ನಂಬರು ಯಾವತ್ತೋ ಕಿತ್ತುಹೋಗಿತ್ತು. ಡಬ್ಬಿಯ ಮುಚ್ಚಳದ ಮೇಲೆ ಬರೆದ ನಂಬರು ನೋಡಿಯೇ ಆಪರೇಟರು ಹಾಕಬೇಕು.

ಶುಕ್ರವಾರ ಬೆಳಿಗ್ಗೆ ಕೊನೆಯ ಎರಡು ಡಬ್ಬಿ ತರುವಾಗ ತಾತನ ಸೈಕಲ್ಲು ಮಡಿವಾಳದ ಕೆರೆ ಹತ್ತಿರ ಪಂಕ್ಚರ್ ಆಯಿತು. ಪಂಕ್ಚರ್ ಹಾಕುವವನು ಮನೆಯಿಂದ ಚಿತ್ರಾನ್ನ ತಂದಿದ್ದ, "ಬಾ ತಾತ, ಒಂದು ತುತ್ತು ತಿನ್ನು" ಎಂದ. ತಟ್ಟೆ ಇರಲಿಲ್ಲ. ಇಬ್ಬರಿಗೆ ಸರಿಯಾಗಿ ಎರಡು ಡಬ್ಬಿ, ಎರಡು ಮುಚ್ಚಳ. ತಿಂದು, ಟ್ಯೂಬು ಅದ್ದುವ ನೀರಿನಲ್ಲಿ ಮುಚ್ಚಳ ತೊಳೆದು, ಒರೆಸಿ, ಆರರದ್ದು ಏಳಕ್ಕೂ ಏಳರದ್ದು ಆರಕ್ಕೂ ಮುಚ್ಚಿ ತಾತ ನಮ್ಮಲ್ಲಿಗೆ ಬಂದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಆ ಹೊತ್ತಿಗೆ ಸರಿಯಾಗಿ ಅಮ್ಮಾವ್ರು ಮೇಸ್ತ್ರಿಯನ್ನೂ ಅಳತೆ ಟೇಪನ್ನೂ ಕರೆದುಕೊಂಡು ಬಂದಿದ್ದರು. ಆಟ ಮುಗಿದ ತಕ್ಷಣ ಹಾಲು ಅಳೆಯುವುದು ಎಂದು ಹೇಳಿ ಬಾಲ್ಕನಿಯಲ್ಲಿ ನನ್ನ ಕ್ಯಾಬಿನ್ನಿನ ಕಿಂಡಿಯ ಕೆಳಗೇ ಕೂತರು. ಅವರ ಜಡೆಯ ಹೂವು ನನಗೆ ಕಾಣುತ್ತಿತ್ತು.

ಐದನೇ ರೀಲು ಮುಗಿದು ಮುಂದಿನದು ಶುರುವಾಯಿತು. ಹೀರೋ ಆಗಲೇ ವಿಷಗಾಳಿಯಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತಿದ್ದ. ಸ್ವಲ್ಪ ಬೇಗ ಹೊರಟ ಅನ್ನಿಸಿತು, ಆದರೆ ಇಂಗ್ಲಿಷ್ ಸಿನಿಮಾದವರು ಹಾಗೇ. "ಮಗುವಿಗೆ ಔಷಧಿ ತರೋಕೆ ಹೋಗಿದಾರೆ" ಎಂದೆ. ಅವನು ಔಷಧಿಯ ಪೆಟ್ಟಿಗೆಯನ್ನು ಬಾಗಿಲವರೆಗೆ ತಂದು, ಒಳಗೆ ತಳ್ಳಿ, ಹೊರಗೇ ಬಿದ್ದು ಸತ್ತ. ಮಗು ಕಣ್ಣು ಬಿಟ್ಟಿತು. ಹೆಂಡತಿ ಗಾಜಿಗೆ ಹಣೆ ಚಚ್ಚಿಕೊಂಡು ಅತ್ತಳು. ಕೆಳಗೆ ಅಮ್ಮಾವ್ರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕುವುದು ಕೇಳಿಸಿತು. ಪರದೆಯ ಮೇಲೆ ದಿ ಎಂಡ್ ಬಂತು. ಜನ ಎದ್ದರು.

"ಸಾರ್, ಇನ್ನೊಂದು ರೀಲಿದೆ" ಎಂದರು ಆಪರೇಟರು.

"ಎಂಡ್ ಆಯ್ತಲ್ರೀ!"

"ಡಬ್ಬಿ ಮೇಲೆ ಏಳು ಅಂತಿದೆ. ಆಗಲೇ ಎರಡನೇ ಮಿಷನ್ನಿಗೆ ಹಾಕಿಬಿಟ್ಟಿದೀನಿ" ಎನ್ನುವಷ್ಟರಲ್ಲಿ ಕೈ ಅಭ್ಯಾಸದ ಮೇಲೆ ಗುಂಡಿ ಒತ್ತಿಯೇಬಿಟ್ಟಿದ್ದರು.

ಪರದೆಯ ಮೇಲೆ ಹೀರೋ ನೆಲಮಾಳಿಗೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದ.

ಬಾಗಿಲವರೆಗೆ ಹೋಗಿದ್ದ ಜನ ನಿಂತರು. ಅಮ್ಮಾವ್ರು ಸೆರಗು ಬಾಯಿಂದ ತೆಗೆದು ಎದ್ದು ನಿಂತರು. ಈಗ ನಾನು "ತಪ್ಪಾಯ್ತು, ರೀಲು ಅದಲುಬದಲಾಗಿದೆ" ಎಂದರೆ ಟೇಪು ಬಿಚ್ಚುವುದು ಗ್ಯಾರಂಟಿ. ನನ್ನ ಕಣ್ಣ ಮುಂದೆ ಉದ್ದಕ್ಕೆ ಉಂಡೆಲೆಗಳ ಸಾಲು ಕಂಡಿತು. ಮೈಕು ಹಿಡಿದೆ.

"ಪ್ರೇಕ್ಷಕರೇ, ಗಾಬರಿ ಬೇಡ. ಹೀರೋಗೆ ಬರೀ ಜ್ಞಾನ ತಪ್ಪಿತ್ತು. ವಿಷಗಾಳಿ ಕಡಿಮೆ ಆದ್ಮೇಲೆ ಒಳಗೆ ಎತ್ಕೊಂಡು ಬಂದಿದಾರೆ."

ಶಿಳ್ಳೆಗೆ ತಾರಸಿ ಹಾರುವುದೊಂದು ಬಾಕಿ. ಮಗು ಜ್ವರದಲ್ಲಿ ಕೆಮ್ಮಿತು. "ಸ್ವಲ್ಪ ನೆಗಡಿ ಉಳಿದಿದೆ, ಅಷ್ಟೇ" ಎಂದೆ. ಹೋಗಬೇಡ ಎಂದು ಹೆಂಡತಿ ಅವನ ಕಾಲು ಹಿಡಿದು ಅತ್ತಳು. "ಸಂತೋಷ ತಡೆಯೋಕಾಗ್ತಿಲ್ಲ ಪಾಪ" ಎಂದೆ. ಅವನು ಎಲ್ಲರನ್ನೂ ಒಬ್ಬೊಬ್ಬರಾಗಿ ತಬ್ಬಿಕೊಂಡು ಬೀಳ್ಕೊಂಡ. "ಎಲ್ಲಾ ಶುಭಾಶಯ ಹೇಳ್ತಿದಾರೆ." ಕೊನೆಗೆ ಅವನು ಕೋಟು ತೊಟ್ಟು, ಒಂದು ಖಾಲಿ ಕ್ಯಾನು ಎತ್ತಿಕೊಂಡು, ಕಬ್ಬಿಣದ ಬಾಗಿಲು ತೆಗೆದ. ಹೆಂಡತಿ ಕಣ್ಣೀರು ತುಂಬಿಕೊಂಡು ನೋಡಿದಳು. ರೀಲು ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಬೇರೇನೂ ಹೊಳೆಯಲಿಲ್ಲ.

"ಎಲ್ಲಾ ಸರಿಹೋಯ್ತು. ಹಾಲಿನ ಬೂತು ತೆರೆದಿದೆ. ಹಾಲು ತರೋಕೆ ಹೊರಟಿದಾರೆ. ಶುಭಂ."

ಅಷ್ಟು ಚಪ್ಪಾಳೆ ನಮ್ಮ ಹಾಲಿನಲ್ಲಿ ಯಾವತ್ತೂ ಬಿದ್ದಿರಲಿಲ್ಲ. ಅಮ್ಮಾವ್ರು ಕೆಳಗಿಳಿದು, ಮೇಸ್ತ್ರಿಗೆ, "ಟೇಪು ಸುತ್ತಿಡಪ್ಪಾ, ಆಮೇಲೆ ನೋಡೋಣ" ಎಂದು ಹೊರಟುಹೋದರು.

ತಾತನ ಚಿತ್ರಾನ್ನದ ಕಥೆ ಹೊರಬಿದ್ದ ಮೇಲೆ ಆಪರೇಟರು ಡಬ್ಬಿ ಡಬ್ಬಿಗೂ ಪೇಂಟಿನಲ್ಲಿ ನಂಬರು ಬರೆದರು. ಶನಿವಾರ ಹೀರೋ ಸರಿಯಾಗಿ ಸತ್ತ. ಭಾನುವಾರವೂ ಸಾಯಲು ಹೊರಟಿದ್ದ. ಆದರೆ ಭಾನುವಾರ ಅಮ್ಮಾವ್ರು ಹೇಳದೆ ಕೇಳದೆ ತಮ್ಮ ಭಜನಾ ಮಂಡಳಿಯ ನಲವತ್ತು ಹೆಂಗಸರನ್ನು ಕರೆದುಕೊಂಡು ಬಂದು ಬಾಲ್ಕನಿ ತುಂಬಿಸಿದರು. "ಸತ್ತೇಹೋದ ಅಂದ್ಕೋತೀವಿ ಕಣ್ರೀ, ಎದ್ದು ಬರ್ತಾನೆ!" ಎಂದು ಮೊದಲೇ ಕಥೆ ಹೇಳಿ ಕೂರಿಸಿದ್ದರು. ಕೆಳಗೂ ಹೌಸ್‌ಫುಲ್ಲು. ಶುಕ್ರವಾರದ ಸುದ್ದಿ ವಸಂತಪುರದವರೆಗೆ ಹೋಗಿತ್ತು.

ಹೀರೋ ಸತ್ತ. ದಿ ಎಂಡ್ ಬಂತು. ದೀಪ ಹಾಕಿದೆವು. ಒಬ್ಬರೂ ಏಳಲಿಲ್ಲ.

ಗೇಟ್‌ಕೀಪರು ಹೋಗಿ ಕೈಮುಗಿದ: "ಅಮ್ಮಾವ್ರೇ, ಮುಗೀತು."

"ಎಲ್ಲಿ ಮುಗೀತು? ಅವನು ಬರ್ಲಿ, ಹೋಗ್ತೀವಿ."

ಮ್ಯಾಟಿನಿಯ ಜನ ಹೊರಗೆ ಗೇಟು ಬಡಿಯುತ್ತಿದ್ದರು. ನಾನು ಆಪರೇಟರ ಕಾಲು ಹಿಡಿಯುವುದೊಂದು ಬಾಕಿ. ಆರನೇ ರೀಲು ಹಿಂದಕ್ಕೆ ಸುತ್ತಿ ಹಾಕಲು ಐದು ನಿಮಿಷ ಬೇಕು. ಮೈಕಿನಲ್ಲಿ ಹೇಳಿದೆ: "ಹೀರೋ ಮುಖ ತೊಳ್ಕೋತಿದಾರೆ. ಐದು ನಿಮಿಷ ಸಾವಧಾನವಾಗಿರಿ."

ಅರ್ಧ ಗಂಟೆ ಹಿಂದೆ ನೋಡಿದ್ದ ಅದೇ ರೀಲು ಮತ್ತೆ ಓಡಿತು. ಅದೇ ನೆಲಮಾಳಿಗೆ, ಅದೇ ಅಳು, ಅದೇ ತಬ್ಬುವಿಕೆ. ನಾನೂ ಶುಕ್ರವಾರ ಹೇಳಿದ್ದನ್ನೇ ಹೇಳುತ್ತಾ ಹೋದೆ. ಕಿಂಡಿಯ ಕೆಳಗೆ ಒಬ್ಬಾಕೆ ಅನುಮಾನ ತೆಗೆದರು: "ಆಗಲೂ ಇವಳು ಇದೇ ಫ್ರಾಕು ಹಾಕಿದ್ಲಲ್ವೇನ್ರೀ?"

ನಾನು ಮೈಕಿನ ಮೇಲೆ ಅಂಗೈ ಮುಚ್ಚಿ ಕಿಂಡಿಗೆ ಕಿವಿ ಕೊಟ್ಟೆ.

"ಪ್ರಪಂಚನೇ ಸುಟ್ಟುಹೋಗಿದೆ, ಬಟ್ಟೆ ಅಂಗಡಿ ಎಲ್ಲಿಂದ ತರ್ತಾಳೆ?" ಎಂದರು ಅಮ್ಮಾವ್ರು. "ಸುಮ್ನೆ ನೋಡಿ. ಈಗ ಹಾಲು ತರೋಕೆ ಹೋಗ್ತಾನೆ."

ಹೀರೋ ಕ್ಯಾನು ಹಿಡಿದು ಹೊರಟಾಗ ನಲವತ್ತು ಹೆಂಗಸರು ಬಳೆ ಸದ್ದಾಗುವಂತೆ ಚಪ್ಪಾಳೆ ತಟ್ಟಿದರು. ಆಟ ಬಿಟ್ಟು ಅಮ್ಮಾವ್ರು ಇಳಿದು ಬಂದಾಗ ಮೆಟ್ಟಿಲಿನ ಬುಡದಲ್ಲಿ ಮಾಲೀಕರು ಕೈಕಟ್ಟಿಕೊಂಡು ನಿಂತಿದ್ದರು. ಕ್ಯಾಬಿನ್ನಿನಿಂದ ಓಡಿ ಬಂದು ಅವರ ಪಕ್ಕದಲ್ಲಿ ನಾನು.

"ಹಾಗಾದ್ರೆ, ಛತ್ರ..." ಎಂದರು ಮಾಲೀಕರು ಮೆಲ್ಲಗೆ.

ಅಮ್ಮಾವ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಛತ್ರ ಜಯನಗರದಲ್ಲಿ ಬೇಕಾದಷ್ಟಿವೆ. ಸತ್ತ ಗಂಡ ಎದ್ದು ಹಾಲು ತರೋ ಜಾಗ ಇದೊಂದೇ. ನಮ್ಮನೇಲಿ ಬದುಕಿರೋರೇ ತರಲ್ಲ. ಥಿಯೇಟರು ಇರ್ಲಿ, ಇದೇ ಸಿನಿಮಾ ಯುಗಾದಿ ಕಳೆಯೋವರೆಗೂ ಓಡ್ಲಿ."

ನನಗೆ ಖುಷಿಯಲ್ಲಿ ಅಳುವೇ ಬಂತು. ಮಾಲೀಕರು ಮರುದಿನದಿಂದ ಹಾಲು ತರತೊಡಗಿದರು. ನಾವೂ ದಿನಾ ದಿ ಎಂಡ್ ಆದ ಮೇಲೆ ಆರನೇ ರೀಲನ್ನು ಇನ್ನೊಂದು ಸಲ ಓಡಿಸಿ, ಹೀರೋನನ್ನು ಬದುಕಿಸಿಯೇ ಜನರನ್ನು ಮನೆಗೆ ಕಳಿಸುತ್ತಿದ್ದೆವು.

ನಾಲ್ಕನೇ ದಿನ ಆಫೀಸಿನ ಫೋನು ಬಡಿದುಕೊಂಡಿತು. ಮಡಿವಾಳದ ಥಿಯೇಟರಿನ ಮ್ಯಾನೇಜರು. ಹಿಂದುಗಡೆ ಕುರ್ಚಿ ಬಡಿಯುವ ಸದ್ದು, ಕೂಗಾಟ, ಅವರ ದನಿಯೇ ಕೇಳಿಸದು.

"ಸಾರ್, ಇಲ್ಲಿ ಜನ ನನ್ನ ಆಫೀಸಿಗೇ ನುಗ್ಗಿದಾರೆ. ಜಯನಗರದಲ್ಲಿ ಬದುಕ್ತಾನಂತೆ, ನೀವ್ಯಾಕ್ರೀ ಸಾಯಿಸ್ತೀರಾ ಅಂತ ಕಾಲರ್ ಹಿಡ್ಕೊಂಡಿದಾರೆ. ದಮ್ಮಯ್ಯ ಅಂತೀನಿ, ನಿಮ್ಮ ಹತ್ರ ಇರೋ ಆ ಎಂಟನೇ ರೀಲು ನಮಗೂ ಒಂದು ಸಲ ಕಳಿಸಿ ಸಾರ್!"